ಹರೀಶ್‌ಚಂದ್ರ: ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಮೂವತ್ತು ವರ್ಷ

ಗಣಿತದ ಪ್ರಾಧ್ಯಾಪಕರೊಬ್ಬರ ಬದುಕನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ ಅದರಲ್ಲಿ ಘಟನೆಗಳೇ ಕಡಿಮೆ. ಪದವಿ, ನೇಮಕ, ಪ್ರಬಂಧಗಳ ಪಟ್ಟಿ, ಒಂದೆರಡು ಪ್ರಶಸ್ತಿ, ಕೊನೆಗೆ ಸಹೋದ್ಯೋಗಿಗಳು ಬರೆದ ಶ್ರದ್ಧಾಂಜಲಿ, ಇಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ರಾಮಾನುಜನ್ ಅವರ ಕಥೆ ಈ ಅಳತೆಗೆ ಸಿಗದ ಕಾರಣಕ್ಕೇ ಅದು ನಾಟಕಕ್ಕೂ ಸಿನಿಮಾಕ್ಕೂ ಒದಗಿತು. ಹರೀಶ್‌ಚಂದ್ರ ಅವರ ಬದುಕು ಹಾಗೆ ಒದಗುವಂಥದ್ದಲ್ಲ. ಇಪ್ಪತ್ತನೆಯ ಶತಮಾನದ ಗಣಿತದಲ್ಲಿ ರಾಮಾನುಜನ್ ನಂತರ ಭಾರತದಲ್ಲಿ ಹುಟ್ಟಿದವರ ಪೈಕಿ ಅತ್ಯಂತ ಆಳವಾದ ಕೆಲಸ ಮಾಡಿದವರು ಯಾರು ಎಂದು ಬಲ್ಲವರನ್ನು ಕೇಳಿದರೆ ಹೆಚ್ಚಿನವರು ಅವರ ಹೆಸರನ್ನೇ ಹೇಳುತ್ತಾರೆ; ಆದರೆ ಅವರು ಎರಡು ವರ್ಷ ಕೆಲಸ ಮಾಡಿದ, ಮುಂದೆ ಮದುವೆಯ ನಂಟನ್ನೂ ಬೆಳೆಸಿದ ನಮ್ಮ ಬೆಂಗಳೂರಿನಲ್ಲಿ ಆ ಹೆಸರು ಗಣಿತದ ವಿದ್ಯಾರ್ಥಿಗಳ ಆಚೆ ಯಾರಿಗೂ ತಿಳಿದಂತಿಲ್ಲ.

ಅವರ ಬಗ್ಗೆ ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ: ಹರೀಶ್‌ಚಂದ್ರ ಭೌತವಿಜ್ಞಾನವನ್ನು ಬಿಟ್ಟು ಗಣಿತಕ್ಕೆ ಬಂದವರು. ಅವರೇ ಹಾಗೆ ಹೇಳಿಕೊಂಡಿದ್ದರಿಂದ ಅದನ್ನು ಸುಳ್ಳೆನ್ನಲಾಗದು. ಆದರೂ ಅವರ ಜೀವನದ ವಿವರಗಳನ್ನು ಓದುತ್ತ ಹೋದಂತೆ ನನಗೆ ಅನ್ನಿಸಿರುವುದು ಬೇರೆ. ಭೌತವಿಜ್ಞಾನವು ಅವರ ಕೈಗೆ ಒಂದು ಪ್ರಶ್ನೆಯನ್ನು ಕೊಟ್ಟಿತು; ಭೌತವಿಜ್ಞಾನಿಗಳು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋದರು, ಇವರು ಬಿಡಲಿಲ್ಲ. ಬಿಡದೆ ಇದ್ದುದಕ್ಕಾಗಿ ಅವರು ವಿಭಾಗವನ್ನು ಬದಲಿಸಬೇಕಾಯಿತು, ಅಷ್ಟೆ.

ಹುಟ್ಟಿದ್ದು 1923ರ ಅಕ್ಟೋಬರ್ 11ರಂದು, ಕಾನ್ಪುರದಲ್ಲಿ. ತಂದೆ ಸಿವಿಲ್ ಎಂಜಿನಿಯರ್, ನೀರಾವರಿ ಕೆಲಸದ ಮೇಲೆ ಊರೂರು ತಿರುಗುತ್ತಿದ್ದವರು. ಹೀಗಾಗಿ ಹುಡುಗನ ಬಾಲ್ಯದ ಬಹುಭಾಗ ಕಳೆದದ್ದು ತಾಯಿಯ ತಂದೆಯ ಮನೆಯಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಬಿ.ಎಸ್ಸಿ., 1943ರಲ್ಲಿ ಎಂ.ಎಸ್ಸಿ. ಅಲ್ಲಿನ ಗ್ರಂಥಾಲಯದಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಕುರಿತು ಪಾಲ್ ಡಿರಾಕ್ ಬರೆದ ಪುಸ್ತಕ ಕೈಗೆ ಸಿಕ್ಕಿದ್ದೇ ಅವರನ್ನು ಸೈದ್ಧಾಂತಿಕ ಭೌತವಿಜ್ಞಾನದ ಕಡೆಗೆ ತಿರುಗಿಸಿತು. ರಾಮನ್ ಪರಿಣಾಮದ ಶೋಧದಲ್ಲಿ ಸಿ.ವಿ. ರಾಮನ್ ಅವರಿಗೆ ಜೊತೆಯಾಗಿದ್ದ ಕೆ.ಎಸ್. ಕೃಷ್ಣನ್ ಆಗ ಅಲಹಾಬಾದಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು; ಎಂ.ಎಸ್ಸಿ. ಪರೀಕ್ಷೆಗೆ ರಾಮನ್ ಅವರೇ ಪರೀಕ್ಷಕರಾಗಿ ಬಂದಿದ್ದರು, ಲಿಖಿತ ಪತ್ರಿಕೆಗೆ ನೂರಕ್ಕೆ ನೂರು ಅಂಕ ಕೊಟ್ಟರು. ಕೃಷ್ಣನ್ ಅವರ ಶಿಫಾರಸಿನ ಮೇಲೆ ಇಪ್ಪತ್ತರ ಹರೆಯದ ಹುಡುಗ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಊರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ, ಹೋಮಿ ಭಾಭಾ ಅವರ ಬಳಿ ಸಂಶೋಧನೆಗೆಂದು ಬಂದ.

ಆ ಹೊತ್ತಿನ ಆ ಆವರಣವನ್ನು ನೆನೆದರೆ ಸ್ವಲ್ಪ ಅಸೂಯೆಯಾಗುತ್ತದೆ. ಭಾಭಾ 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದವರು, ಯುದ್ಧ ಶುರುವಾದದ್ದರಿಂದ ಕೇಂಬ್ರಿಜ್‌ಗೆ ಮರಳಲಾಗದೆ ಬೆಂಗಳೂರಿನಲ್ಲೇ ಉಳಿದಿದ್ದರು. ರಾಮನ್ ನಿರ್ದೇಶಕ ಸ್ಥಾನದಿಂದ ಇಳಿದಿದ್ದರೂ ಭೌತವಿಜ್ಞಾನ ವಿಭಾಗ ಅವರ ಕೈಯಲ್ಲೇ ಇತ್ತು. ವಿಶ್ವಕಿರಣಗಳ ಅಧ್ಯಯನಕ್ಕೆಂದು ವಿಕ್ರಂ ಸಾರಾಭಾಯಿ ಕೂಡ ಅಲ್ಲಿದ್ದರು. ಯೂರೋಪಿನ ಯುದ್ಧ ನಮ್ಮ ಒಂದು ಸಂಸ್ಥೆಯ ಕೆಲವೇ ಕಟ್ಟಡಗಳಲ್ಲಿ ಇಷ್ಟು ಜನರನ್ನು ಒಟ್ಟಿಗೆ ಕೂಡಿಹಾಕಿತ್ತು. ಅಂಥ ಸಂದರ್ಭವನ್ನು ಯಾವ ಯೋಜನಾ ಆಯೋಗವೂ ಬೇಕೆಂದು ರೂಪಿಸಲಾರದು. ಹರೀಶ್‌ಚಂದ್ರ ಉಳಿದುಕೊಂಡದ್ದು ಕಾಳೆ ಎಂಬವರ ಮನೆಯಲ್ಲಿ. ಶ್ರೀಮತಿ ಕಾಳೆ ಅಲಹಾಬಾದಿನಲ್ಲಿ ಅವರಿಗೆ ಫ್ರೆಂಚ್ ಕಲಿಸಿದ್ದವರು. ಅವರ ಪತಿ ಸಂಸ್ಥೆಯ ಗ್ರಂಥಪಾಲಕರು. ಆ ಮನೆಯಲ್ಲಿ ಆಗಿನ್ನೂ ಚಿಕ್ಕವಳಾಗಿದ್ದ ಮಗಳು ಲಲಿತಾಳನ್ನೇ ಅವರು 1952ರಲ್ಲಿ ಮದುವೆಯಾದರು. ಬೆಂಗಳೂರಿನಲ್ಲಿ ಮಾಡಿದ ಕೆಲಸ ಬಿಂದುರೂಪದ ಕಣಗಳ ಚಲನೆಯ ಸಿದ್ಧಾಂತಕ್ಕೆ ಸೇರಿದ್ದು. ಕೆಲವು ಪ್ರಬಂಧಗಳನ್ನು ಭಾಭಾ ಜೊತೆಗೆ, ಇನ್ನು ಕೆಲವನ್ನು ಒಬ್ಬರೇ ಪ್ರಕಟಿಸಿದರು. ಹೆಸರಿನ ನಡುವೆ ಈಗ ಜಗತ್ತೆಲ್ಲ ಹಾಕುವ ಅಡ್ಡಗೆರೆಯೂ ಆ ಕಾಲದ್ದೇ. ಆರಂಭದ ಒಂದು ಪ್ರಬಂಧವನ್ನು ಅಚ್ಚಿಗೆ ಸಿದ್ಧಪಡಿಸಿದವರು ಅದನ್ನು ಸೇರಿಸಿದರು, ಅವರು ತೆಗೆಯುವ ಗೋಜಿಗೆ ಹೋಗಲಿಲ್ಲ.

1945ರಲ್ಲಿ ಭಾಭಾ ಮತ್ತು ಕೃಷ್ಣನ್ ಅವರ ಶಿಫಾರಸಿನಿಂದ ಕೇಂಬ್ರಿಜ್‌ನಲ್ಲಿ ಡಿರಾಕ್ ಅವರ ವಿದ್ಯಾರ್ಥಿಯಾಗುವ ಅವಕಾಶ ಸಿಕ್ಕಿತು. ಯಾರ ಪುಸ್ತಕ ಓದಿ ಈ ದಾರಿ ಹಿಡಿದರೋ ಅವರೇ ಗುರುವಾದರು ಎಂದು ಕಥೆಯನ್ನು ಇಲ್ಲಿ ಮೇಲಕ್ಕೆ ಏರಿಸಬಹುದಿತ್ತು, ಆದರೆ ವಾಸ್ತವ ಅಷ್ಟು ಸರಳವಾಗಿರಲಿಲ್ಲ. ಡಿರಾಕ್ ತರಗತಿಯಲ್ಲಿ ಹೇಳುತ್ತಿದ್ದುದು ಹೆಚ್ಚುಕಡಿಮೆ ಪುಸ್ತಕದಲ್ಲಿ ಇದ್ದುದೇ ಆಗಿತ್ತಾದ್ದರಿಂದ ಹರೀಶ್‌ಚಂದ್ರ ಆ ಉಪನ್ಯಾಸಗಳಿಗೆ ಹೋಗುವುದನ್ನು ನಿಲ್ಲಿಸಿದರು. ಗುರು ಸೌಮ್ಯ, ದಯಾಳು, ಆದರೆ ದೂರದವರು. ಒಂದು ಅವಧಿಗೆ ಒಮ್ಮೆ ಭೇಟಿಯಾದರೆ ಹೆಚ್ಚು. ಬದಲಿಗೆ ಅವರು ಲಿಟಲ್‌ವುಡ್ ಮೊದಲಾದ ಗಣಿತಜ್ಞರ ತರಗತಿಗಳಲ್ಲಿ ಕೂರತೊಡಗಿದರು. ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ ಒಮ್ಮೆ ಉಪನ್ಯಾಸ ಕೊಡುತ್ತಿದ್ದಾಗ ಈ ವಿದ್ಯಾರ್ಥಿ ಎದ್ದು ನಿಂತು ತಪ್ಪನ್ನು ತೋರಿಸಿದ್ದೂ, ಮಾತಿನ ಮೊನಚಿಗೆ ಹೆಸರಾಗಿದ್ದ ಪೌಲಿ ಮುನಿಸಿಕೊಳ್ಳದೆ ಜೀವಮಾನದ ಗೆಳೆಯರಾದದ್ದೂ ಆಗಿನದೇ ಪ್ರಸಂಗ.

ಡಿರಾಕ್ ಕೊಟ್ಟ ಸಂಶೋಧನೆಯ ವಿಷಯ ಲೊರೆಂಟ್ಜ್ ಗ್ರೂಪ್‌ಗೆ ಸಂಬಂಧಿಸಿದ್ದು. ಇದರ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಾನು ಮೇಲೆ ಹೇಳಿದ ಒಂದು ಪ್ರಶ್ನೆ ಇಲ್ಲಿಯೇ ಹುಟ್ಟುವುದು. ವಸ್ತುವೊಂದರ ಸಮ್ಮಿತಿಗಳೆಲ್ಲವನ್ನೂ, ಅಂದರೆ ಅದನ್ನು ಬದಲಿಸದೆ ಉಳಿಸುವ ಚಲನೆಗಳೆಲ್ಲವನ್ನೂ, ಒಟ್ಟುಗೂಡಿಸಿದಾಗ ಸಿಗುವುದನ್ನು ಗಣಿತಜ್ಞರು ಗ್ರೂಪ್ ಎನ್ನುತ್ತಾರೆ. ಚೆಂಡೊಂದರ ತಿರುಗುವಿಕೆಗಳು ಒಂದು ಗ್ರೂಪ್. ಐನ್‌ಸ್ಟೈನ್ ಅವರ ವಿಶೇಷ ಸಾಪೇಕ್ಷತೆಯಲ್ಲಿ ಒಬ್ಬ ವೀಕ್ಷಕನ ಅಳತೆಗಳನ್ನು ಇನ್ನೊಬ್ಬನ ಅಳತೆಗಳಿಗೆ ಬದಲಿಸುವ ಸೂತ್ರಗಳು ಮತ್ತೊಂದು ಗ್ರೂಪ್. ಅದೇ ಲೊರೆಂಟ್ಜ್ ಗ್ರೂಪ್. ಒಂದು ಗ್ರೂಪನ್ನು ಸಂಖ್ಯೆಗಳ ಚೌಕ ಕೋಷ್ಟಕಗಳಾದ ಮ್ಯಾಟ್ರಿಕ್ಸ್‌ಗಳ ಮೂಲಕ ತೋರಿಸುವುದಕ್ಕೆ ರೆಪ್ರೆಸೆಂಟೇಷನ್ ಎಂದು ಹೆಸರು. ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಕಣಗಳ ಬಗೆಗಳನ್ನು ವಿಂಗಡಿಸುವ ಕೆಲಸ ಕೊನೆಗೆ ಇಂಥ ರೆಪ್ರೆಸೆಂಟೇಷನ್‌ಗಳನ್ನು ವಿಂಗಡಿಸುವ ಕೆಲಸವೇ ಆಗುತ್ತದೆ. ತಿರುಗುವ ಚೆಂಡಿನಂಥ, ಅನಂತಕ್ಕೆ ಚಾಚಿಕೊಳ್ಳದ ಗ್ರೂಪ್‌ಗಳ ಮಟ್ಟಿಗೆ ಹರ್ಮನ್ ವೈಲ್ 1920ರ ದಶಕದಲ್ಲೇ ಪೂರ್ಣ ಉತ್ತರ ಕೊಟ್ಟಿದ್ದರು. ಲೊರೆಂಟ್ಜ್ ಗ್ರೂಪ್ ಹಾಗಲ್ಲ. ವೇಗವನ್ನು ಬೆಳಕಿನ ವೇಗದ ಸಮೀಪಕ್ಕೆ ಎಷ್ಟು ಬೇಕಾದರೂ ಒಯ್ಯಬಹುದಾದ್ದರಿಂದ ಅದಕ್ಕೆ ಕೊನೆಯಿಲ್ಲ, ಅದರ ಮುಖ್ಯ ರೆಪ್ರೆಸೆಂಟೇಷನ್‌ಗಳು ಅನಂತ ಆಯಾಮದವು. ಅವನ್ನು ವಿಂಗಡಿಸಿದ್ದಕ್ಕೆ 1947ರಲ್ಲಿ ಹರೀಶ್‌ಚಂದ್ರ ಅವರಿಗೆ ಪಿಎಚ್.ಡಿ. ಸಿಕ್ಕಿತು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಗೆಲ್‌ಫಾಂಡ್ ಮತ್ತು ನೈಮಾರ್ಕ್ ಅದೇ ಫಲಿತಾಂಶವನ್ನು ತಲುಪಿದ್ದರು. ಅಮೆರಿಕದಲ್ಲಿ ಬಾರ್ಗ್‌ಮನ್ ಪಕ್ಕದ ಇನ್ನೊಂದು ಗ್ರೂಪ್‌ಗೆ ಉತ್ತರ ಕಂಡುಕೊಂಡಿದ್ದರು.

ತನ್ನ ಪ್ರಬಂಧದ ಒಂದು ಸಾಧನೆಯ, ಅಂದರೆ ಫಲಿತಾಂಶ ನಿಜವೆಂದು ತೋರಿಸುವ ತರ್ಕದ, ಕುರಿತು ಅವರಿಗೆ ಸಮಾಧಾನವಿರಲಿಲ್ಲ. ಅದು ಬಿಗಿಯಾಗಿಲ್ಲ ಎನ್ನಿಸಿ ಡಿರಾಕ್ ಬಳಿ ಹೇಳಿದರು. ಡಿರಾಕ್, ತನಗೆ ಸಾಧನೆಗಳಲ್ಲಿ ಆಸಕ್ತಿಯಿಲ್ಲ, ಪ್ರಕೃತಿ ಏನು ಮಾಡುತ್ತದೆ ಎಂಬುದರಲ್ಲಿ ಮಾತ್ರ ಆಸಕ್ತಿ ಎಂದರಂತೆ. ಭೌತವಿಜ್ಞಾನದಲ್ಲಿ ಗೆಲ್ಲಲು ಬೇಕಾದ ಆರನೆಯ ಇಂದ್ರಿಯವೊಂದು ಇದೆ, ಅದು ತನಗಿಲ್ಲ ಎಂಬುದು ಆ ಮಾತಿನಿಂದ ಖಚಿತವಾಯಿತು ಎಂದು ಹರೀಶ್‌ಚಂದ್ರ ಮುಂದೆ ಹೇಳಿಕೊಂಡಿದ್ದಾರೆ. 1947ರಲ್ಲಿ ಡಿರಾಕ್ ಒಂದು ವರ್ಷದ ಮಟ್ಟಿಗೆ ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಗೆ ಹೋದಾಗ ಅವರ ಸಹಾಯಕರಾಗಿ ಹೋದವರು, ಅಲ್ಲಿ ವೈಲ್, ಆರ್ಟಿನ್, ಶೆವಾಲೆ ಅವರ ನೆರಳಿನಲ್ಲಿ ಗಣಿತವನ್ನು ಮೊದಲಿನಿಂದ ಕಲಿತರು. ಭೌತವಿಜ್ಞಾನಿ ಫ್ರೀಮನ್ ಡೈಸನ್ ಹೇಳುತ್ತಿದ್ದ ಪ್ರಸಂಗ ಪ್ರಸಿದ್ಧವಾದದ್ದು: ಭೌತವಿಜ್ಞಾನ ಗೊಂದಲಮಯ, ಬಿಗಿಯಿಲ್ಲದ್ದು, ಕೈಗೆ ಸಿಗದ್ದು, ಅದಕ್ಕೇ ಗಣಿತಕ್ಕೆ ಹೋಗುತ್ತಿದ್ದೇನೆ ಎಂದು ಹರೀಶ್‌ಚಂದ್ರ ಹೇಳಿದರಂತೆ, ಸರಿಯಾಗಿ ಅದೇ ಕಾರಣಗಳಿಗಾಗಿ ನಾನು ಗಣಿತ ಬಿಟ್ಟು ಭೌತವಿಜ್ಞಾನಕ್ಕೆ ಹೋಗುತ್ತಿದ್ದೇನೆ ಎಂದು ಡೈಸನ್ ಉತ್ತರಿಸಿದರಂತೆ. ಚೆನ್ನಾಗಿರುವ ಮಾತು. ಆದರೆ ಈ ಚೆಂದವೇ ನಮ್ಮ ಕಣ್ಣು ಕಟ್ಟುತ್ತದೆ, ಏಕೆಂದರೆ ಹೀಗೆ ಭೌತವಿಜ್ಞಾನವನ್ನು ಬಿಟ್ಟವರು ಮಾರನೆಯ ದಿನ ಕೈಗೆತ್ತಿಕೊಂಡದ್ದು ಡಿರಾಕ್ ಕೊಟ್ಟ ಪ್ರಶ್ನೆಯನ್ನೇ. ಲೊರೆಂಟ್ಜ್ ಗ್ರೂಪ್‌ಗೆ ಮಾತ್ರವಲ್ಲ, ಆ ಜಾತಿಯ ಗ್ರೂಪ್‌ಗಳೆಲ್ಲಕ್ಕೂ ಉತ್ತರ ಬೇಕು ಎಂಬುದಷ್ಟೇ ಹೊಸದು.

ಒಂದು ವರ್ಷ ಹಾರ್ವರ್ಡ್‌ನಲ್ಲಿದ್ದು, 1950ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. 1963ರವರೆಗೆ ಅದೇ ಅವರ ಕೆಲಸದ ಜಾಗ. ನಡುವೆ 1952–53ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಂದು ವರ್ಷ, ಆಮೇಲೆ ಪ್ರಿನ್ಸ್‌ಟನ್, ಪ್ಯಾರಿಸ್‌ಗಳಲ್ಲಿ ಬಿಡುವಿನ ವರ್ಷಗಳು. ಅವರು ಭಾರತಕ್ಕೆ ಮರಳಲಿಲ್ಲವೆಂದು ನಿಟ್ಟುಸಿರಿಡುವ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ನನಗೆ ಆ ನಿಟ್ಟುಸಿರಿನಲ್ಲಿ ಹುರುಳು ಕಾಣುವುದಿಲ್ಲ. ಅವರಿಗೆ ಬೇಕಾಗಿದ್ದ ಗಣಿತವನ್ನು ಮಾತಾಡಬಲ್ಲವರು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ, ಮುಂಬಯಿಯ ಗಣಿತ ಶಾಲೆ ಆಗಷ್ಟೇ ಕಣ್ಣು ಬಿಡುತ್ತಿತ್ತು.

ಕೊಲಂಬಿಯಾದ ವರ್ಷಗಳ ಕೆಲಸವನ್ನು ಹೀಗೆ ವಿವರಿಸಲು ಯತ್ನಿಸಬಹುದು. ವೀಣೆಯ ತಂತಿಯೊಂದನ್ನು ಮೀಟಿದಾಗ ಕೇಳುವ ನಾದದಲ್ಲಿ ಮೂಲಸ್ವರವೂ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಾಂಕದ ಉಪಸ್ವರಗಳೂ ಸೇರಿರುತ್ತವೆ. ಯಾವುದು ಎಷ್ಟು ಪ್ರಮಾಣದಲ್ಲಿದೆ ಎಂದು ಲೆಕ್ಕ ಹಾಕಿ ತೆಗೆಯುವುದು ಫೂರಿಯೇ ವಿಶ್ಲೇಷಣೆ. ತಂತಿಯ ಜಾಗದಲ್ಲಿ ಒಂದು ಗ್ರೂಪನ್ನಿಟ್ಟರೆ, ಶುದ್ಧ ಸ್ವರಗಳ ಜಾಗದಲ್ಲಿ ನಿಲ್ಲುವುದು ಮೇಲೆ ಹೇಳಿದ ರೆಪ್ರೆಸೆಂಟೇಷನ್‌ಗಳು. ಹಾಗಾದರೆ ಯಾವ ಯಾವ ಸ್ವರಗಳಿವೆ, ಪ್ರತಿಯೊಂದಕ್ಕೂ ಎಷ್ಟು ತೂಕ ಕೊಡಬೇಕು? ಪ್ಲಾಂಶೆರೆಲ್ ಸೂತ್ರ ಎಂದು ಕರೆಯುವುದು ಈ ತೂಕದ ಲೆಕ್ಕವನ್ನೇ. ಕೊನೆಯಿಲ್ಲದ ಗ್ರೂಪ್‌ಗಳಲ್ಲಿ ತೊಂದರೆ ಶುರುವಾಗುವುದು ಮೊದಲ ಹೆಜ್ಜೆಯಲ್ಲೇ. ಸಾಮಾನ್ಯ ಮ್ಯಾಟ್ರಿಕ್ಸ್ ಆದರೆ ಕರ್ಣದ ಮೇಲಿನ ಸಂಖ್ಯೆಗಳನ್ನು ಕೂಡಿದರೆ ಆ ರೆಪ್ರೆಸೆಂಟೇಷನ್ನಿನ ಗುರುತು, ಕ್ಯಾರೆಕ್ಟರ್, ಸಿಕ್ಕಿಬಿಡುತ್ತದೆ. ಅನಂತ ಮ್ಯಾಟ್ರಿಕ್ಸ್‌ನಲ್ಲಿ ಆ ಮೊತ್ತಕ್ಕೆ ಅರ್ಥವೇ ಇಲ್ಲ. ಹರೀಶ್‌ಚಂದ್ರ ಫಂಕ್ಷನ್ ಎಂಬ ಕಲ್ಪನೆಯನ್ನು ಹಿಗ್ಗಿಸುವ, ಆಗ ಹೊಸದಾಗಿದ್ದ ಲೋರಾಂ ಶ್ವಾರ್ಟ್ಜ್ ಅವರ ಡಿಸ್ಟ್ರಿಬ್ಯೂಷನ್ ಸಿದ್ಧಾಂತವನ್ನು ಹಿಡಿದು ಮೊತ್ತಕ್ಕೆ ಒಂದು ಪರೋಕ್ಷವಾದ ಅರ್ಥ ಕೊಟ್ಟರು. ಇದು 1950ರ ದಶಕದ ಮೊದಲ ಭಾಗದ ಮಾತು. ಬೇರೆಯವರಾಗಿದ್ದರೆ ಅಲ್ಲಿಗೆ ತೃಪ್ತರಾಗುತ್ತಿದ್ದರೇನೋ. ಅವರು ಮತ್ತೆ ಹತ್ತು ವರ್ಷ ಅದನ್ನೇ ಹಿಡಿದು ಕೂತು, ಈ ಪರೋಕ್ಷವಾದ ವಸ್ತು ನಿಜದಲ್ಲಿ ಒಂದು ಸಾಮಾನ್ಯ ಫಂಕ್ಷನ್ನೇ, ಅದರ ಬೆಲೆಗಳನ್ನು ಹೆಚ್ಚುಕಡಿಮೆ ಎಲ್ಲ ಕಡೆಯೂ ಸೂತ್ರದ ಮೂಲಕ ಬರೆಯಬಹುದು ಎಂದು 1960ರ ದಶಕದ ಮಧ್ಯದ ಹೊತ್ತಿಗೆ ಸಾಧಿಸಿದರು. ಅವರ ಎಲ್ಲ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸುವುದು ಈ ಫಲಿತಾಂಶವೇ.

ಬೆರಗಿಗೆ ಇನ್ನೊಂದು ಕಾರಣವೂ ಉಂಟು. ವೀಣೆಯ ಸ್ವರಗಳಂತೆ ಬಿಡಿಬಿಡಿಯಾಗಿ ಎಣಿಸಬಲ್ಲ ರೆಪ್ರೆಸೆಂಟೇಷನ್‌ಗಳು ಕೆಲವು ಗ್ರೂಪ್‌ಗಳಲ್ಲಿ ಮಾತ್ರ ಇವೆ. ಅವಕ್ಕೆ ಡಿಸ್ಕ್ರೀಟ್ ಸೀರೀಸ್ ಎಂದು ಹೆಸರು. ಅವು ಯಾವ ಗ್ರೂಪ್‌ಗಳಲ್ಲಿ ಇರುತ್ತವೆ, ಇದ್ದರೆ ಅವುಗಳ ಕ್ಯಾರೆಕ್ಟರ್‌ಗಳೇನು ಎಂಬುದನ್ನು 1965 ಮತ್ತು 1966ರಲ್ಲಿ ಆಕ್ಟಾ ಮ್ಯಾಥಮೆಟಿಕಾದಲ್ಲಿ ಬಂದ ಎರಡು ದೀರ್ಘ ಪ್ರಬಂಧಗಳಲ್ಲಿ ಅವರು ಪೂರ್ತಿಯಾಗಿ ಹೇಳಿದರು. ಆಶ್ಚರ್ಯವೆಂದರೆ, ಆ ರೆಪ್ರೆಸೆಂಟೇಷನ್‌ಗಳನ್ನು ಕಟ್ಟಿ ತೋರಿಸದೆಯೇ ಅವು ಇವೆಯೆಂದೂ ಅವುಗಳ ಕ್ಯಾರೆಕ್ಟರ್‌ಗಳು ಇಂಥವೆಂದೂ ಸಾಧಿಸಿದ್ದರು. ಕಟ್ಟುವ ಕೆಲಸವನ್ನು ಉಳಿದವರು ಆಮೇಲೆ ಮಾಡಿದರು; ಅವರಲ್ಲಿ ಒಬ್ಬರು ಮುಂಬಯಿಯ ಟಾಟಾ ಸಂಸ್ಥೆಯ ಆರ್. ಪಾರ್ಥಸಾರಥಿ. 1972ರ ಅವರ ಪ್ರಬಂಧದಲ್ಲಿ ಇದಕ್ಕೆ ಬಳಕೆಯಾದ ಸಾಧನ ಡಿರಾಕ್ ಆಪರೇಟರ್, ಅಂದರೆ ಎಲೆಕ್ಟ್ರಾನಿನ ಸಮೀಕರಣಕ್ಕೆಂದು ಡಿರಾಕ್ ಕಂಡುಹಿಡಿದ ವಸ್ತುವಿನ ಗಣಿತರೂಪ.

ಗ್ರೂಪ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಪರಿಶೀಲಿಸುವ ದಾರಿ ಅವರಿಗೆ ಒಗ್ಗುತ್ತಿರಲಿಲ್ಲ. ಅತ್ಯಂತ ಸಣ್ಣ ಗ್ರೂಪನ್ನು ಮೊದಲು ಪೂರ್ಣವಾಗಿ ಅರ್ಥ ಮಾಡಿಕೊಳ್ಳುವುದು, ಆಮೇಲೆ ಎಲ್ಲವನ್ನೂ ಒಂದೇ ಸಾಧನೆಯಿಂದ ಒಮ್ಮೆಗೇ ಹಿಡಿಯುವುದು ಅವರ ಕ್ರಮ. ಆ ಸಾಧನೆಗಳು ನೂರಾರು ಪುಟಗಳಿಗೆ ಹಬ್ಬುತ್ತಿದ್ದವು. ಅವರ ಸಮಗ್ರ ಪ್ರಬಂಧಗಳು 1984ರಲ್ಲಿ, ಬೆಂಗಳೂರಿನಲ್ಲೇ ಹುಟ್ಟಿದ ಗಣಿತಜ್ಞ ವಿ.ಎಸ್. ವರದರಾಜನ್ ಅವರ ಸಂಪಾದಕತ್ವದಲ್ಲಿ, ನಾಲ್ಕು ಸಂಪುಟಗಳಾಗಿ ಬಂದವು. ಭಾಭಾ ಅವರೊಂದಿಗೆ, ಆಮೇಲೆ ಗಣಿತಜ್ಞ ಆರ್ಮಾಂಡ್ ಬೊರೆಲ್ ಅವರೊಂದಿಗೆ ಬರೆದಂಥ ಕೆಲವನ್ನು ಬಿಟ್ಟರೆ ಬಹುಪಾಲು ಒಂಟಿ ಹೆಸರಿನವು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂದು ಅಂಕ ಎಣಿಸಿ ಬಡ್ತಿ ಕೊಡುವ ಪದ್ಧತಿ ಬಂದ ಮೇಲೆ ಇಂಥವರನ್ನು ಉದಾಹರಿಸಿ ಆ ಪದ್ಧತಿಯನ್ನು ಹಳಿಯುವುದು ವಾಡಿಕೆ. ನಿಜ ಹೇಳಬೇಕೆಂದರೆ ಬರೀ ಎಣಿಕೆಯಲ್ಲಿ ಹರೀಶ್‌ಚಂದ್ರ ಸಲೀಸಾಗಿ ತೇರ್ಗಡೆಯಾಗುತ್ತಿದ್ದರು. ಎಣಿಕೆಗೆ ಸಿಗದಿರುವುದು ಬೇರೆ: ಆ ನಾಲ್ಕು ಸಂಪುಟಗಳಲ್ಲಿ ಭೌತವಿಜ್ಞಾನದ ಭಾಗ ಕಳೆದರೆ ಮಿಕ್ಕ ಬಹುಪಾಲು ಒಂದೇ ವಾದದ ಮುಂದುವರಿಕೆ. ಹತ್ತು ವರ್ಷದ ಹಿಂದೆ ಸಾಧಿಸಿದ ಒಂದು ಸಣ್ಣ ಪ್ರಮೇಯ ಏಕೆ ಬೇಕಿತ್ತು ಎಂಬುದು ಹತ್ತು ವರ್ಷದ ನಂತರ ಓದುಗನಿಗೆ ತಿಳಿಯುತ್ತದೆ.

1954ರಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಕೋಲ್ ಪ್ರಶಸ್ತಿ ಬಂದಿತು. ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕಕ್ಕೂ 1958ರಲ್ಲಿ ಅವರ ಹೆಸರು ಪರಿಗಣನೆಯಲ್ಲಿತ್ತು. ಆ ವರ್ಷ ಪದಕ ಪಡೆದವರು ಕ್ಲಾಸ್ ರೋತ್ ಮತ್ತು ರೆನೆ ತೋಮ್. ಗಣಿತಜ್ಞ ರಾಬರ್ಟ್ ಲ್ಯಾಂಗ್‌ಲ್ಯಾಂಡ್ಸ್ ಬರೆದಿರುವ ಪ್ರಕಾರ, ಸಮಿತಿಯ ಪ್ರಬಲ ಸದಸ್ಯರೊಬ್ಬರ ಕಣ್ಣಿಗೆ ತೋಮ್ ಬೂರ್ಬಾಕಿ ಎಂಬ ಫ್ರೆಂಚ್ ಗಣಿತಜ್ಞರ ಬಳಗದವರಾಗಿ ಕಂಡಿದ್ದರು, ಹರೀಶ್‌ಚಂದ್ರ ಕೂಡ ಅದೇ ಬಣದವರೆಂದು ತೋರಿತು. ಒಂದೇ ಬಣಕ್ಕೆ ಎರಡು ಪದಕ ಬೇಡವೆಂದು ಇವರನ್ನು ಬದಿಗಿಟ್ಟರು. ಕಾನ್ಪುರದಿಂದ ಬೆಂಗಳೂರಿಗೆ, ಅಲ್ಲಿಂದ ಡಿರಾಕ್ ಬಳಿಗೆ ಹೋಗಿ, ಪ್ರಿನ್ಸ್‌ಟನ್‌ನಲ್ಲಿ ಸ್ವಂತ ಓದಿನಿಂದ ಗಣಿತಜ್ಞರಾದವರನ್ನು ಪ್ಯಾರಿಸ್ಸಿನ ಬಣಕ್ಕೆ ಸೇರಿಸಿದ್ದು ತಮಾಷೆಯಾಗಿಯೇ ಇದೆ.

1963ರಲ್ಲಿ ಪ್ರಿನ್ಸ್‌ಟನ್ ಇನ್‌ಸ್ಟಿಟ್ಯೂಟಿನ ಖಾಯಂ ಪ್ರಾಧ್ಯಾಪಕರಾದರು. 1968ರಿಂದ ಐಬಿಎಂ–ಫಾನ್ ನಾಯ್ಮನ್ ಪೀಠದಲ್ಲಿದ್ದರು. ಅಲ್ಲಿ ಪಾಠ ಮಾಡುವ ಹೊಣೆಯಿರಲಿಲ್ಲ, ಪದವಿಗೆ ಓದುವ ವಿದ್ಯಾರ್ಥಿಗಳೂ ಇರಲಿಲ್ಲ. ಆದರೆ ತಾವು ಸಾಧಿಸಿದ್ದನ್ನು ದೀರ್ಘ ಉಪನ್ಯಾಸ ಮಾಲೆಗಳಲ್ಲಿ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಸಮ್ಮಿತಿ ತುಂಬಿದ ವಿಶೇಷ ಫಂಕ್ಷನ್‌ಗಳಾದ ಆಟೊಮಾರ್ಫಿಕ್ ಫಾರ್ಮ್‌ಗಳ ಕುರಿತ ಉಪನ್ಯಾಸಗಳೂ ಪಿ-ಆಡಿಕ್ ಗ್ರೂಪ್‌ಗಳ ಕುರಿತವೂ ಕೇಳುಗರ ಟಿಪ್ಪಣಿಗಳಾಗಿ 1968 ಮತ್ತು 1970ರಲ್ಲಿ ಅಚ್ಚಾದವು. ವಾಸ್ತವ ಸಂಖ್ಯೆಗಳ ಮೇಲಿನ ಗ್ರೂಪ್‌ಗಳಿಗೆ ನಿಜವಾದದ್ದು ಅವಿಭಾಜ್ಯ ಸಂಖ್ಯೆಗಳಿಂದ ಹುಟ್ಟುವ ಪಿ-ಆಡಿಕ್ ಗ್ರೂಪ್‌ಗಳಿಗೂ ನಿಜವಾಗಬೇಕು ಎಂಬ ನಂಬಿಕೆ ಅವರ ಕೊನೆಯ ಹದಿನೈದು ವರ್ಷಗಳ ಕೆಲಸವನ್ನು ನಡೆಸಿತು. ಲ್ಯಾಂಗ್‌ಲ್ಯಾಂಡ್ಸ್ ಅವರ ಹೆಸರಿನಲ್ಲಿ ಇಂದು ನಡೆಯುತ್ತಿರುವ, ಸಂಖ್ಯಾಸಿದ್ಧಾಂತವನ್ನೂ ರೆಪ್ರೆಸೆಂಟೇಷನ್‌ಗಳನ್ನೂ ಬೆಸೆಯುವ ಬೃಹತ್ ಯೋಜನೆ ಈ ಅಡಿಪಾಯವಿಲ್ಲದೆ ಏಳುತ್ತಿರಲಿಲ್ಲ. ಪ್ಲಾಂಶೆರೆಲ್ ಸೂತ್ರದ ಪೂರ್ಣ ಸಾಧನೆಯ ಕೊನೆಯ ಕಂತು ಪ್ರಕಟವಾದದ್ದು 1976ರಲ್ಲಿ. 1947ರಿಂದ ಎಣಿಸಿದರೆ ಇಪ್ಪತ್ತೊಂಬತ್ತು ವರ್ಷ.

ಆ ದುಡಿಮೆಗೆ ದೇಹ ಸಹಕರಿಸಲಿಲ್ಲ. 1969ರಿಂದ ಹೃದಯದ ತೊಂದರೆ ಕಾಡುತ್ತಿತ್ತು. ಯೌವನದಲ್ಲಿ ಚಿತ್ರ ಬರೆಯುತ್ತಿದ್ದವರು, ಸೆಜಾನ್ ಮತ್ತು ವ್ಯಾನ್ ಗೋ ಅವರನ್ನು ಮೆಚ್ಚುತ್ತಿದ್ದವರು; ಗಣಿತ ಉಳಿದೆಲ್ಲವನ್ನೂ ನುಂಗಿತ್ತು. 1973ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1974ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ರಾಮಾನುಜನ್ ಪದಕ, 1981ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಯ ಸದಸ್ಯತ್ವ ಬಂದವು. 1983ರ ಅಕ್ಟೋಬರ್‌ನಲ್ಲಿ ಬೊರೆಲ್ ಅವರ ಅರವತ್ತರ ನೆಪದಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸಮಾವೇಶ ನಡೆದಿತ್ತು. 16ರ ಭಾನುವಾರ ದಂಪತಿಗಳು ಅತಿಥಿಗಳನ್ನು ಮನೆಗೆ ಕರೆದಿದ್ದರು. ಅವರು ಹೊರಟ ಮೇಲೆ ಎಂದಿನಂತೆ ನಡೆಯಲು ಹೋದ ಹರೀಶ್‌ಚಂದ್ರ ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಿ ಐದು ದಿನವಾಗಿತ್ತು. ಅವರಿಗಾಗಿ ಮರುವರ್ಷ ನಡೆಯಬೇಕಿದ್ದ ಸಮಾವೇಶ ಸ್ಮರಣೆಯ ಸಮಾವೇಶವಾಯಿತು. ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆಗೆ ಈಗ ಅವರ ಹೆಸರಿದೆ. ಅಲ್ಲಿ ಗಣಿತದ ಜೊತೆಗೆ ಸೈದ್ಧಾಂತಿಕ ಭೌತವಿಜ್ಞಾನವೂ ಇರುವುದು ಹೊಂದುವಂತೆಯೇ ಇದೆ.

ಅವರ ಕೆಲಸದ ಒಂದು ತುಣುಕಿನ ಮುಂದಿನ ಪಯಣವನ್ನು ಹೇಳದೆ ಬಿಡುವಂತಿಲ್ಲ. 1957ರಲ್ಲಿ, ದೊಡ್ಡ ಸಾಧನೆಯ ದಾರಿಯಲ್ಲಿ ಬೇಕಾದ ಒಂದು ಮೆಟ್ಟಿಲೆಂಬಂತೆ, ಗ್ರೂಪಿನ ಮೇಲಿನ ಒಂದು ಅನುಕಲವನ್ನು ಅವರು ನೇರವಾಗಿ ಬೆಲೆ ಕೊಡುವ ಒಂದೇ ಸೂತ್ರವಾಗಿ ಲೆಕ್ಕ ಹಾಕಿಟ್ಟಿದ್ದರು. 1980ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳಾದ ಕ್ಲೋಡ್ ಇಟ್ಜಿಕ್ಸನ್ ಮತ್ತು ಜಾನ್-ಬರ್ನಾರ್ಡ್ ಜೂಬೆ ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಸಮಸ್ಯೆಯೊಂದನ್ನು ಬಿಡಿಸುತ್ತ, ದೊಡ್ಡ ಮ್ಯಾಟ್ರಿಕ್ಸ್‌ಗಳ ಮೇಲಿನ ಲೆಕ್ಕದಲ್ಲಿ ಅದೇ ಅನುಕಲಕ್ಕೆ ಬಂದು ತಲುಪಿದರು, ತಮ್ಮದೇ ದಾರಿಯಲ್ಲಿ ಅದೇ ಸೂತ್ರವನ್ನು ಕಂಡರು. ಅಂದಿನಿಂದ ಅದಕ್ಕೆ ಮೂವರ ಹೆಸರೂ ಸೇರಿದೆ. ಯಾದೃಚ್ಛಿಕ ಮ್ಯಾಟ್ರಿಕ್ಸ್‌ಗಳನ್ನು ಅಭ್ಯಾಸ ಮಾಡುವ ಭೌತವಿಜ್ಞಾನದ ವಿದ್ಯಾರ್ಥಿ ಇಂದು ಹರೀಶ್‌ಚಂದ್ರ ಎಂಬ ಹೆಸರನ್ನು ಮೊದಲು ಕೇಳುವುದು ಬಹುತೇಕ ಆ ಸೂತ್ರದ ಮೂಲಕವೇ, ಅವರೂ ಒಂದು ಕಾಲಕ್ಕೆ ಡಿರಾಕ್ ಅವರ ವಿದ್ಯಾರ್ಥಿಯಾಗಿದ್ದರೆಂಬುದು ಅವನಿಗೆ ತಿಳಿದಿರುವುದಿಲ್ಲ.